ಬಿಟ್ಟಿ ಸಲಹೆಗೆ ಬಂದ ಹೇರಳೆಕಾಯಿ

ಬಿಟ್ಟಿಯಾಗಿ ಏನನ್ನಾದರೂ ಕೊಡುವುದು ಬಹಳ ಕಷ್ಟ. ಫೀಜು ತೆಗೆದುಕೊಂಡು ಕೆಟ್ಟ ಸಲಹೆ ಕೊಡಿ, ಜನ ಕೈಮುಗಿದು ಹೋಗುತ್ತಾರೆ. ಬಿಟ್ಟಿಯಾಗಿ ಒಳ್ಳೆಯ ಸಲಹೆ ಕೊಡಿ, ಈತನಿಗೆ ಇದರಲ್ಲೇನೋ ಲಾಭವಿರಬೇಕು ಎಂದು ತಿರುತಿರುಗಿ ನೋಡುತ್ತಾರೆ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮಹಾರಾಜರ ಕಾಲದಲ್ಲಿ ನಾನು ಪಿರಿಯಾಪಟ್ಟಣದಲ್ಲಿ ಲಾಯರಾಗಿದ್ದೆ. ಲಾಯರು ಎಂದರೆ ಕರಿ ಕೋಟಿತ್ತು, ಕಕ್ಷಿಗಾರರಿರಲಿಲ್ಲ. ಹೊತ್ತು ಹೋಗದೆ, ಪೆನ್ಷನ್ ಆಗಿದ್ದ ಹೆಡ್‌ಮಾಸ್ತರರೊಬ್ಬರ ಜೊತೆ ಸೇರಿ ಒಂದು ಧರ್ಮದ ಸಂಘ ಕಟ್ಟಿದೆ. ಸಂತೆಮಾಳದ ಹಿಂದಿನ ಹಳೇ ಛತ್ರದ ಒಂದು ಕೋಣೆ, ಒಂದು ಚಾಪೆ, ಒಂದು ಬೋರ್ಡು. ‘ಇಲ್ಲಿ ಎಲ್ಲರಿಗೂ ಉಚಿತವಾಗಿ ಸಲಹೆ ಕೊಡಲಾಗುವುದು. ವಿಷಯ ಗುಟ್ಟಾಗಿರುತ್ತದೆ’ ಎಂದು ಬೋರ್ಡಿನ ಮೇಲೆ ಮಾಸ್ತರರು ದುಂಡಗೆ ಬರೆದರು. ಗುಟ್ಟಿನ ವಿಚಾರದಲ್ಲಿ ಅವರದು ಬಹಳ ಕಟ್ಟುನಿಟ್ಟು. ಬಂದವರ ಮಾತು ಹೆಂಡತಿಯ ಕಿವಿಗೂ ಬೀಳಕೂಡದು ಎಂದು ನನ್ನಿಂದ ದೇವರ ಮುಂದೆ ಪ್ರಮಾಣ ಮಾಡಿಸಿದರು.

ಬಾಯಿ ಕಟ್ಟುವುದೇನೋ ಸುಲಭವಾಯಿತು. ನಮ್ಮ ಗುಟ್ಟನ್ನೆಲ್ಲ ರಟ್ಟು ಮಾಡಿದ್ದು ತರಕಾರಿ. ನಮ್ಮ ಕಡೆಯ ಜನ ಯಾರ ಮನೆ ಬಾಗಿಲಿಗೂ ಬರಿಗೈಯಲ್ಲಿ ಹೋಗುವವರಲ್ಲ. ದುಡ್ಡು ಬೇಡವೆಂದರೆ ಸರಿ ಎನ್ನುತ್ತಿದ್ದರು, ಎದ್ದು ಹೋಗುವಾಗ ಸೆರಗಿನಿಂದಲೋ ವಲ್ಲಿಯಿಂದಲೋ ಏನಾದರೊಂದು ಬಿಚ್ಚಿ ಚಾಪೆಯ ಮೇಲೆ ಇಡುತ್ತಿದ್ದರು. ಅವರೇಕಾಯಿ, ಬದನೆಕಾಯಿ, ಒಂದು ಸಲ ಜೀವಂತ ಹುಂಜ. ಬೇಡವೆಂದರೆ ಮುಖ ಸಣ್ಣದು ಮಾಡಿಕೊಂಡು, ‘ಬಡವರು ಮುಟ್ಟಿದ್ದು ಅಂತ ಬ್ಯಾಡಾಂತೀರಾ?’ ಎನ್ನುತ್ತಿದ್ದರು. ಮಾಸ್ತರರು ಒಂಟಿ ಜೀವ, ಹೋಟೆಲಿನ ಊಟ. ಹಾಗಾಗಿ ಎಲ್ಲವೂ ನನ್ನ ಚೀಲಕ್ಕೆ ಬೀಳುತ್ತಿತ್ತು. ಸಂಜೆ ನನ್ನ ಹೆಂಡತಿ ಗೌರಮ್ಮ ಚೀಲವನ್ನು ಸುರುವಿಕೊಂಡು ಕೂರುತ್ತಿದ್ದಳು. ಈ ಸೀಮೆಯಲ್ಲಿ ಯಾರ ಹಿತ್ತಿಲಲ್ಲಿ ಏನು ಬೆಳೆಯುತ್ತದೆ ಎಂಬುದು ಅವಳಿಗೆ ಅಂಗೈ ಮೇಲಿನ ಗೆರೆ. ‘ಈ ಮುಳ್ಳುಬದನೆ ಹಾರನಹಳ್ಳಿ ರಂಗಮ್ಮನದು. ಪಾಪ, ಸೊಸೆ ಇನ್ನೂ ತೌರಿಂದ ಬಂದಿಲ್ಲ ಅಂತ ಕಾಣುತ್ತೆ’ ಎನ್ನುತ್ತಿದ್ದಳು. ನಾನು ಸಂತೆಯಲ್ಲಿ ಕೊಂಡೆ ಎನ್ನುತ್ತಿದ್ದೆ. ಸಂತೆಯಿಲ್ಲದ ದಿನವೂ ಹಾಗೇ ಎನ್ನುತ್ತಿದ್ದೆ. ಅವಳು ನಗುತ್ತಾ ಬದನೆಕಾಯಿ ಹೆಚ್ಚುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಸಣ್ಣಮ್ಮ ಬಂದಳು. ಇದು ಅವಳ ನಿಜವಾದ ಹೆಸರಲ್ಲ. ನಮ್ಮ ಪಕ್ಕದ ಬೀದಿಯಲ್ಲಿದ್ದ, ಹೊಗೆಸೊಪ್ಪು ಬೆಳೆಯುವ ದೊಡ್ಡ ಗೌಡರ ತಮ್ಮನ ಹೆಂಡತಿ. ತಮ್ಮ ತೀರಿಕೊಂಡು ವರ್ಷ ತುಂಬಿರಲಿಲ್ಲ, ಕಂಕುಳಲ್ಲಿ ಮಗ. ಗೌಡರು ಒಂದು ಪತ್ರ ಬರೆಸಿಟ್ಟು ಹೆಬ್ಬೆಟ್ಟು ಒತ್ತು ಎನ್ನುತ್ತಿದ್ದರಂತೆ. ‘ಅದ್ರಾಗೇನೈತೆ ಅಂತ ಕೇಳುದ್ರೆ, ನಿಂಗ್ಯಾಕೆ ಅಂತಾರೆ ಸ್ವಾಮಿ’ ಎಂದಳು. ಮಗನ ಪಾಲು ಬಿಟ್ಟುಕೊಟ್ಟೆ ಎಂದೇ ಅದರಲ್ಲಿರುತ್ತದೆ ಎಂಬುದಕ್ಕೆ ಲಾಯರಿ ಓದಬೇಕಾಗಿರಲಿಲ್ಲ. ಯಾವ ಕಾರಣಕ್ಕೂ ಒತ್ತಬೇಡ, ನಿಮ್ಮಣ್ಣನನ್ನು ಕರೆಸಿಕೊ ಎಂದೆ. ಅಣ್ಣ ದೂರದ ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿದ್ದ. ಹೇಳಿ ಕಳಿಸಿದರೂ ಶುಕ್ರವಾರಕ್ಕೆ ಮುಂಚೆ ಗಾಡಿ ಬರುವಂತಿರಲಿಲ್ಲ. ‘ಅಲ್ಲೀಗಂಟ ನಾ ಇಲ್ಲಿಗ್ ಬಂದಿದ್ದು ಭಾವ್ನೋರ್ಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಕೈ ಹಿಡ್ದು ಒತ್ತುಸ್ಕೊಂಡ್ಬುಡ್ತಾರೆ’ ಎಂದಳು. ಗುಟ್ಟು ಇಲ್ಲಿಂದ ಹೊರಗೆ ಹೋಗುವುದಿಲ್ಲ ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಅವಳು ಎದ್ದು ನಿಂತು ಸೆರಗು ಬಿಚ್ಚಿ ಎರಡು ಹೇರಳೆಕಾಯಿ ಇಟ್ಟಳು. ‘ಬರೀ ಕೈಲಿ ಎಂಗ್ ಬರ್ಲಿ’ ಎಂದಳು.

ಊರಿಗೆಲ್ಲ ಹೇರಳೆಮರ ಇದ್ದದ್ದು ಒಂದೇ, ಗೌಡರ ಹಿತ್ತಿಲಲ್ಲಿ. ಆ ಕಾಯಿಯನ್ನು ಅವರು ತಹಸೀಲ್ದಾರರಿಗೆ ಬಿಟ್ಟು ಇನ್ನೊಬ್ಬರಿಗೆ ಕೊಟ್ಟವರಲ್ಲ. ನಾನು ಅದನ್ನು ಕೆರೆಗೆ ಎಸೆಯಬೇಕಿತ್ತು. ಆದರೆ ಗೊಜ್ಜಿನ ನೆನಪಾಗಿ ಮನೆಗೆ ತಂದೆ. ಗೌರಮ್ಮ ಒಂದು ಕಾಯಿಯನ್ನು ಎತ್ತಿ ಮೂಸಿ, ‘ಯಾರು ಕೊಟ್ಟರು?’ ಎಂದಳು. ನನಗೆ ಸಂತೆಯೂ ಬಾಯಿಗೆ ಬರಲಿಲ್ಲ. ಮರುದಿನವೂ ಕೇಳಿದಳು. ನಾನು ಕೆಮ್ಮಿದೆ.

ಗುರುವಾರ ಬೆಳಿಗ್ಗೆ ಗೌಡರೇ ಮನೆಗೆ ಬಂದರು. ತಮ್ಮನ ಹೆಂಡತಿಯನ್ನು ಛತ್ರದ ಹತ್ತಿರ ಯಾರೋ ನೋಡಿದ್ದರಂತೆ. ಜಗಲಿಯ ಮೇಲೆ ಕೂತು ಮಳೆ ಬೆಳೆ ಮಾತಾಡಿದರು. ಮಾತಾಡುತ್ತಲೇ ಕಿಟಕಿಯ ಕಡೆ ಕೈ ಚಾಚಿ, ಗೌರಮ್ಮ ಹಣ್ಣಾಗಲೆಂದು ಅಲ್ಲಿಟ್ಟಿದ್ದ ಹೇರಳೆಕಾಯಿ ತೆಗೆದುಕೊಂಡರು.

‘ಇದು ನಮ್ಮ ಇತ್ಲ ಕಾಯಿ ಕಣ್ರೀ ಲಾಯ್ರೇ. ಯಾರು ತಂದ್ಕೊಟ್ರು?’ ಎಂದರು. ಮೆಲ್ಲಗೇ ಕೇಳಿದರು. ಒಳಗೆ ಗೌರಮ್ಮನ ಒನಕೆ ಸದ್ದು ನಿಂತಿತು.

ನನಗೆ ಆಗ ಬಂದದ್ದು ಧೈರ್ಯವಲ್ಲ, ಸಿಟ್ಟು. ಓದು ಬರಹ ಬಾರದ ಹೆಣ್ಣಿನ ಹೆಬ್ಬೆಟ್ಟಿಗಾಗಿ ಇಷ್ಟು ದೊಡ್ಡ ಮನುಷ್ಯ ಕಾಯಿ ಹಿಡಿದು ಪತ್ತೇದಾರಿ ಮಾಡುತ್ತಿದ್ದಾನಲ್ಲ ಎಂದು ಮೈಯೆಲ್ಲ ಉರಿಯಿತು.

‘ಯಾರೂ ಕೊಡಲಿಲ್ಲ. ನಾನೇ ಕದ್ದೆ’ ಎಂದೆ.

ಗೌಡರು ನನ್ನ ಹೊಟ್ಟೆಯನ್ನು ನಿಧಾನವಾಗಿ ನೋಡಿದರು. ‘ಕಳ್ಳಿ ಬೇಲಿ ಐತಲ್ಲ, ಎದೆ ಮಟ್ಟ.’

‘ಹಾರಿದೆ.’

‘ಪಂಚೆ ಅರೀಲಿಲ್ವೇ?’

‘ಬಿಚ್ಚಿಟ್ಟು ಹಾರಿದೆ.’

ಯಾವ ಮಾನವಂತನೂ ತನ್ನ ಮೇಲೆ ಇಂಥ ಸುಳ್ಳು ಹೇಳಿಕೊಳ್ಳುವುದಿಲ್ಲವಾದ್ದರಿಂದ ಗೌಡರು ನಂಬಿದರು. ಕಾಯಿಗಳನ್ನು ಎತ್ತಿಕೊಂಡು ಹೋದವರು ನೇರವಾಗಿ ಚಾವಡಿಗೆ ಹೋಗಿ ಊರಿಗೆಲ್ಲ ಹೇಳಿದರು. ಸಂಜೆ ನನ್ನನ್ನು ಕರೆಸಿ ತಪ್ಪಾಯಿತು ಎನ್ನಿ ಎಂದರು. ಕದ್ದದ್ದು ನಿಜ, ತಪ್ಪಾಯಿತು ಎನ್ನುವುದಿಲ್ಲ, ಮರವಿದ್ದರೆ ಮತ್ತೆ ಕದಿಯುತ್ತೇನೆ ಎಂದೆ. ಸಂಘದ ಮರ್ಯಾದೆ ಹೋಯಿತು, ನಡೆದದ್ದು ನನಗಾದರೂ ಹೇಳಿ ಎಂದು ಮಾಸ್ತರರು ಗೋಗರೆದರು. ನನ್ನಿಂದ ಪ್ರಮಾಣ ಮಾಡಿಸಿದವರು ನೀವೇ ಎಂದು ನೆನಪು ಮಾಡಿಕೊಟ್ಟೆ. ಶುಕ್ರವಾರ ಗಾಡಿ ಬಂತು. ಸಣ್ಣಮ್ಮನ ಅಣ್ಣ ಮಾತು ಕಡಿಮೆಯ ಆಳು, ಜೊತೆಗೆ ಅಂಥವರೇ ಇನ್ನೂ ನಾಲ್ವರನ್ನು ಕರೆತಂದಿದ್ದ. ಹೆಬ್ಬೆಟ್ಟು ಬೀಳಲಿಲ್ಲ, ಮುಂದೆ ಮಗನ ಹೆಸರಿಗೆ ಪಾಲು ಕ್ರಮವಾಗಿ ರಿಜಿಸ್ಟರ್ ಆಯಿತು. ನನ್ನನ್ನು ಕಂಡರೆ ಮಾತ್ರ ಊರಿನವರು ಹಿತ್ತಿಲ ಬಾಗಿಲು ಹಾಕಿಕೊಳ್ಳತೊಡಗಿದರು. ವಿಚಿತ್ರವೆಂದರೆ ಸಂಘಕ್ಕೆ ಬರುವವರು ಹೆಚ್ಚಾದರು. ‘ಅವ್ರೇ ಕಳ್ರಂತೆ, ನಮ್ಮನ್ನೇನಂದಾರು ಬುಡು’ ಎಂದು ಧೈರ್ಯ ಬಂದಿತ್ತು.

ಗೌರಮ್ಮ ಏನೆನ್ನುತ್ತಾಳೋ ಎಂದು ನಾನು ಆ ಗುರುವಾರ ಸಂಜೆ ಚಾವಡಿಯಿಂದ ಹೆದರುತ್ತಲೇ ಮನೆಗೆ ಬಂದಿದ್ದೆ. ಅವಳು ಬೈಯಲಿಲ್ಲ. ತಟ್ಟೆಗೆ ತುಪ್ಪ ಜಾಸ್ತಿ ಬಿತ್ತು. ‘ಮೊದಲನೇ ಬಸಿರಿನಲ್ಲಿ ಹೇರಳೆಕಾಯಿ ಗೊಜ್ಜು ತಿನ್ನಬೇಕು ಅಂತ ಎಷ್ಟು ಕೇಳಿಕೊಂಡಿದ್ದೆ. ಗೌಡರ ಹತ್ತಿರ ಕೈ ಚಾಚಲ್ಲ ಅಂದುಬಿಟ್ಟಿದ್ದಿರಿ. ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡು, ನನಗೋಸ್ಕರ ಬೇಲಿ ಹಾರಿದಿರಲ್ಲ’ ಎಂದಳು. ಕಣ್ಣು ಒದ್ದೆಯಾಗಿತ್ತು. ಅವಳು ಹಾಗೆ ಕೇಳಿದ್ದು ನನಗೆ ಸುತರಾಂ ನೆನಪಿರಲಿಲ್ಲ. ಪ್ರಮಾಣವಿತ್ತಲ್ಲ, ಅನ್ನ ಕಲಸುತ್ತಾ ಸುಮ್ಮನಿದ್ದೆ.

ಮೊನ್ನೆ ಸಣ್ಣಮ್ಮ ಸಿಕ್ಕಿದ್ದಳು. ಮಗ ಮೇಷ್ಟರಾಗಿದ್ದಾನೆ. ‘ಇನ್ಯಾರಿಗೆ ಎದ್ರಬೇಕು, ನಿಜ ಏಳ್ಬುಡಿ ಸ್ವಾಮಿ, ನಿಮ್ಮ ಮೇಲಿನ ಕಳ್ಳ ಅನ್ನೋ ಮಾತು ಓಗ್ಲಿ’ ಎಂದು ಒಪ್ಪಿಗೆ ಕೊಟ್ಟಳು. ಹಾಗಾಗಿ ನಿಮಗೆ ಹೇಳಿದ್ದೇನೆ. ಗೌರಮ್ಮನಿಗೆ ಹೇಳುವುದಿಲ್ಲ. ನನ್ನ ಬರಹ ಓದುವ ಅಭ್ಯಾಸ ಅವಳಿಗಿಲ್ಲ. ನಿಮ್ಮಲ್ಲಿ ಯಾರಾದರೂ ಹೋಗಿ ಅವಳ ಕಿವಿಗೆ ಹಾಕಿದಿರೋ, ನಿಮ್ಮನ್ನೇ ಸುಳ್ಳುಗಾರರೆಂದು ಸಾಧಿಸುತ್ತೇನೆ. ಆ ಬೇಲಿ ಹಾರಿದವನು ನಾನೇ.