ಹಿತ್ತಲ ಗೋಡೆಯ ಕುಳ್ಳು

ಇಲಾಖೆಯ ಸಾಹೇಬರ ಫೋನು ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ. ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ದಾರಿಯ ಹಳ್ಳಿಯೊಂದರ ಪುಟ್ಟ ಮ್ಯೂಸಿಯಮ್ಮಿನ ತಾತ್ಕಾಲಿಕ ಮೇಲ್ವಿಚಾರಕಿ ರಂಜನಾ ಎದ್ದು ನಿಂತೇ ಮಾತಾಡಿದಳು.

"ತಾಡೋಲಿ ಇಟ್ಟ ಹಿಂದಿನ ಕೋಣಿ ಹೊರಗಿಗಿಂತ ನಾಕ್ ಡಿಗ್ರಿ ತಂಪು ಅಂತ ಬರದೀರಿ. ನ್ಯಾನೊ ಲೇಪನದ ಕಮಾಲ್ ನೋಡ್ರಿ. ನಾಕಕ್ಕ ಬರತೇನಿ. ಗ್ವಾಡಿ ನೋಡಿ ನಿಮ್ಮ ಪರ್ಮನೆಂಟ್ ಕಾಗದಕ್ಕ ಸಹಿ ಮಾಡತೇನಿ."

ರಂಜನಾ ನೇರ ಹಿತ್ತಲಿಗೆ ನಡೆದಳು. ಎಲ್ಲ ಗೋಡೆಗೂ ಲೇಪನವಾಗಿದೆ ಎಂದು ಬರೆದುಕೊಟ್ಟವಳು ಅವಳೇ. ಹಿಂದಿನ ಗೋಡೆಗೆ ಮಾತ್ರ ಆಗಿರಲಿಲ್ಲ. ಅಲ್ಲಿ ನೆರೆಮನೆಯ ಸತ್ಯವ್ವ ಸೆಗಣಿ ತಟ್ಟಿ ಕುಳ್ಳು ಒಣಗಿಸುತ್ತಿದ್ದಳು. "ಒಣಗಿದ ಮ್ಯಾಲ ಬರ್ರಿ" ಎಂದು ಲೇಪನದ ಕೆಲಸದವರನ್ನು ವಾಪಸ್ ಕಳಿಸಿದ್ದಳು. ಡಬ್ಬಿ ಬಿಟ್ಟು ಹೋದವರು ಮರಳಿ ಬಂದಿರಲಿಲ್ಲ. ಒಂದು ಸಾಲು ಒಣಗುವಷ್ಟರಲ್ಲಿ ಇನ್ನೊಂದು ಸಾಲು ಹಸಿ ಹಸಿಯಾಗಿ ಏರುತ್ತಿತ್ತು.

"ಸತ್ಯವ್ವಾರ, ಕುಳ್ಳು ತಗೀರಿ. ನನ್ನ ನೌಕರಿ ಹೋಗತೈತಿ."

"ಹಳೇ ಒಳಕಲ್ಲು, ಬೀಸೂಕಲ್ಲು ಇಟ್ಟು ಮಂದಿಗಿ ತೋರಸ್ತಿ. ನನ್ನ ಕುಳ್ಳು ಏನ್ ಪಾಪ ಮಾಡ್ಯಾವು?"

ರಂಜನಾಳ ಕಣ್ಣಲ್ಲಿ ನೀರು ಕಂಡ ಮೇಲೆ ಸತ್ಯವ್ವ ತಾನೇ ಬುಟ್ಟಿ ತಂದಳು. ಕಾವಲುಗಾರ ನೀಲಪ್ಪ ಸಲಿಕೆಯಿಂದ ಹೆರೆದ. ಮಧ್ಯಾಹ್ನದ ಹೊತ್ತಿಗೆ ಗೋಡೆ, ಮೀಸೆ ಬೋಳಿಸಿಕೊಂಡ ಗೌಡರ ಮುಖದಂತೆ ನಿಂತಿತ್ತು. ತೊಳೆದರು, ಒಣಗಿಸಿದರು, ಡಬ್ಬಿ ಒಡೆದರು.

"ಬಾಯಾರ, ಇದು ಬರೇ ನೀರ ಐತಿ. ನಿಮಗ ಟೊಪಿಗಿ ಹಾಕ್ಯಾರ" ಎಂದ ನೀಲಪ್ಪ.

"ಸುಮ್ಮನ ಬಳೀಯಪ್ಪಾ."

ನಾಲ್ಕಕ್ಕೆ ಸಾಹೇಬರು ಬಂದು ಗೋಡೆ ಸವರಿ ನಕ್ಕರು. ಒಳಗೆ ಹೋಗಿ ಉಷ್ಣಮಾಪಕ ನೋಡಿದವರ ನಗು ಅಲ್ಲೇ ನಿಂತಿತು.

"ಮೂರು ತಿಂಗಳು ತಂಪಿದ್ದ ಕೋಣಿ ಇವತ್ತ ಯಾಕ ಹಂಚಿನಂಗ ಕಾದೈತಿ?"

ಪಡುವಣ ಬಿಸಿಲು ನೇರ ಗೋಡೆಗೆ ಬಿದ್ದಿತ್ತು. ರಂಜನಾಳಿಗೆ ಆಗ ಹೊಳೆಯಿತು. ಇಷ್ಟು ದಿನ ತಾಡೋಲೆ ಕಾಯ್ದದ್ದು ನ್ಯಾನೊ ಅಲ್ಲ. ಅವಳು ಮಾತು ಅಳೆದು ಹೇಳಿದಳು: "ಗ್ವಾಡಿಗೆ ಮೊದಲು ಒಂದು ಹೊದಿಕಿ ಇತ್ರಿ. ಮುಂಜಾನೆ ತಗದೇನ್ರಿ."

"ಅದೇನರ ಇರಲಿ, ಮತ್ತ ಹಚ್ರಿ. ನಾ ಮ್ಯಾಲ ವರದಿ ಕಳಿಸೇನಿ. ಸೋಮವಾರ ತಜ್ಞರು ಬರತಾರ. ತಂಪಿದ್ರ ಸಹಿ, ಇಲ್ಲಾಂದ್ರ ಬ್ಯಾರೆಯವರನ್ನ ನೋಡತೇವಿ." ಅವರು ಪೆನ್ನು ಜೇಬಿಗೆ ಸೇರಿಸಿ ಜೀಪು ಹತ್ತಿದರು.

ರಂಜನಾ ಬೇಲಿ ದಾಟಿ ಓಡಿದಳು. ಸತ್ಯವ್ವ ಒಂದು ಮಾತೂ ಕೇಳದೆ ಸೆಗಣಿ ಬುಟ್ಟಿ ಹೊತ್ತು ಬಂದು, ಹಳೆಯ ಜಾಗ ನೋಡಿ ಮೊದಲನೆಯದನ್ನು ಪಟ್ಟನೆ ಬಡಿದಳು. ಅದು ಒಂದು ಗಳಿಗೆ ನಿಂತು, ನಿಧಾನಕ್ಕೆ ಜಾರಿ ರಂಜನಾಳ ಚಪ್ಪಲಿಯ ಮೇಲೆ ಕುಳಿತಿತು. ಎರಡನೆಯದೂ ಅಷ್ಟೆ. ಗೋಡೆಯ ಮೇಲೆ ಒಂದು ಕಲೆಯೂ ಇಲ್ಲ.

ಸತ್ಯವ್ವ ಗೋಡೆಯ ಮೇಲೆ ಬೆರಳಾಡಿಸಿ, ಸ್ವಚ್ಛ ಬೆರಳನ್ನೇ ನೋಡಿಕೊಂಡಳು.

"ಮಾಲು ಭಾಳ ಚಲೋ ಐತವಾ. ಎಷ್ಟು ದಿನ ಬಾಳಕಿ ಬರತೈತಿ?"

ನೀಲಪ್ಪ ಖಾಲಿ ಡಬ್ಬಿ ತಿರುಗಿಸಿ ಓದಿದ.

"ಇಪ್ಪತ್ತು ವರ್ಷ ಗ್ಯಾರಂಟಿ ಅಂತ್ರಿ, ಬಾಯಾರ."