ಕೂಡು ಅಂದರೆ ಸಾಕು

ಓಬಳಪ್ಪನಿಗೆ ಕೋಬಾಲ್ ಮೇಲೆ ದ್ವೇಷವೇನೂ ಇರಲಿಲ್ಲ. ಅದು ಸ್ವಲ್ಪ ಕಡಿಮೆ ಮಾತಾಡಿದ್ದರೆ ಸಾಕಿತ್ತು. ಆ ಭಾಷೆಯಲ್ಲಿ ಕಂಪ್ಯೂಟರಿಗೆ ಏನು ಹೇಳುವುದಿದ್ದರೂ ಮದುವೆಮನೆಯಲ್ಲಿ ಸಿಕ್ಕಿದ ದೂರದ ನೆಂಟರಂತೆ ಸುತ್ತಿ ಬಳಸಿ ಹೇಳಬೇಕು. ಸಂಬಳಕ್ಕೆ ಭತ್ಯೆ ಕೂಡಿಸಬೇಕೇ? 'ಆಡ್ ಅಲವೆನ್ಸ್ ಟು ಬೇಸಿಕ್ ಗಿವಿಂಗ್ ಟೋಟಲ್' ಎಂದು ಇಡೀ ವಾಕ್ಯ ಬರೆದು, ಕಂಪ್ಯೂಟರ್ ಓದುವಂತೆ ಅದನ್ನು ರಟ್ಟಿನ ಕಾರ್ಡಿನಲ್ಲಿ ತೂತುಗಳಾಗಿ ಹೊಡೆಸಬೇಕು. ಅವನು ಚಾಮರಾಜಪೇಟೆಯ ಆಫೀಸು ಬಿಡುವಾಗ ದಿನಾ ಬೀದಿದೀಪ ಹತ್ತಿರುತ್ತಿತ್ತು.

"ಇವತ್ತು ಆರಕ್ಕೆ ವಿಶ್ವೇಶ್ವರಪುರದ ತಿಂಡಿ ಬೀದೀಲಿ ಕಾಯ್ತಿರ್ತೀನಿ. ಬರ್ಲಿಲ್ಲಾಂದ್ರೆ ನಿಮ್ಮ ಹೋಳಿಗೆನೂ ನಾನೇ ತಿಂತೀನಿ" ಎಂದಿದ್ದಳು ಹೆಂಡತಿ ಸರ್ವಮಂಗಳಾ. ಅವಳು ಇಂಥ ವಿಷಯದಲ್ಲಿ ತಮಾಷೆ ಮಾಡುವವಳಲ್ಲ.

ಓಬಳಪ್ಪ ನಕ್ಕಿದ್ದ. ತಿಂಗಳುಗಟ್ಟಲೆ ಗುಟ್ಟಾಗಿ ಬರೆದ ಅವನ ಪ್ರೋಗ್ರಾಂ ಮುಗಿದಿತ್ತು. ಇಂಗ್ಲಿಷ್ ಅಕ್ಷರದಲ್ಲಿ 'ಕೂಡು' ಎಂದರೆ ಸಾಕು, ಕೋಬಾಲಿನ ಪುರಾಣವನ್ನೆಲ್ಲ ಅದೇ ಬರೆದುಕೊಳ್ಳುತ್ತಿತ್ತು. ನಾಲ್ಕಕ್ಕೆ ಸಾಹೇಬರು ನೋಡಿ ಒಪ್ಪಿಬಿಟ್ಟರೆ ಇನ್ನು ದಿನಾ ಐದಕ್ಕೆ ಮನೆ!

ಅದನ್ನು ನೋಡಲು ಮೊದಲು ಬಂದವರು ಸೂಪರಿಂಟೆಂಡೆಂಟ್ ಲಕ್ಷ್ಮಯ್ಯ. "ಏನ್ರೀ ಇದು, ಮಿಷಿನ್‌ಗೆ ಹಿಂಗಾ ಅಪ್ಪಣೆ ಕೊಡೋದು? ಆಯುಧಪೂಜೇಲಿ ಕುಂಕುಮ ಇಟ್ಟು ಕೈ ಮುಗ್ದಿದೀವಿ. ಮುಂದೆ ಒಂದು 'ಸ್ವಾಮಿ' ಸೇರ್ಸಿ."

ಸೇರಿಸಿದ.

ಪಂಚಿಂಗ್ ರೂಮಿನ ಕಮಲಮ್ಮ ಇಣುಕಿದರು. "ತಲೆ ಮೇಲೆ 'ಶ್ರೀ' ಇಲ್ವಲ್ಲಪ್ಪಾ! ನಮ್ಮ ಹುಡುಗೀರು ಒಂದು ಕಾರ್ಡೂ ಮುಟ್ಟಲ್ಲ."

ಲೆಕ್ಕಪತ್ರ ವಿಭಾಗದ ಅಂಜನಪ್ಪನವರಂತೂ ಓಡಿಯೇ ಬಂದರು. "ಕೂಡು ಅಂದ್ರೆ ಯಾರು ಹೇಳಿ ಕೂಡ್ಬೇಕು? ನಾಳೆ ಆಡಿಟ್‌ನವರಿಗೆ ನೀವು ಉತ್ತರ ಕೊಡ್ತೀರಾ? 'ಆದೇಶದನ್ವಯ' ಹಾಕ್ರೀ!"

ನಾಲ್ಕು ಗಂಟೆಗೆ ಓಬಳಪ್ಪನ ಚುಟುಕು ಭಾಷೆ ಹೀಗಿತ್ತು: 'ಶ್ರೀ. ಸ್ವಾಮಿ, ಮೇಲ್ಕಂಡ ಆದೇಶದನ್ವಯ ಮೂಲ ವೇತನಕ್ಕೆ ಭತ್ಯೆಯನ್ನು ಕೂಡಬೇಕಾಗಿ ವಿನಂತಿ.' ಒಂದು ಕಾರ್ಡಿನಲ್ಲಿ ಹಿಡಿಯದೆ ಇನ್ನೊಂದಕ್ಕೆ ಹರಿದಿತ್ತು.

ಸಾಹೇಬರು ಹಳೆಯದು, ಹೊಸದು ಎರಡೂ ಹಾಳೆ ಪಕ್ಕಪಕ್ಕ ಹಿಡಿದು ನೋಡಿದರು. ಅವರ ಮುಖ ಅರಳಿತು. ಬೆರಳು ಹೋಗಿ ಕೋಬಾಲ್ ಹಾಳೆಯ ಮೇಲೆ ಕೂತಿತು.

"ಭೇಷ್! ಎಷ್ಟು ಚಿಕ್ಕದು, ಚೊಕ್ಕದು! ಇದೇ ತಾನೆ ಹೊಸದು?"

ಓಬಳಪ್ಪ ಬಾಯಿ ತೆರೆಯುವಷ್ಟರಲ್ಲಿ ಲಕ್ಷ್ಮಯ್ಯ, "ಹೌದು ಸಾರ್, ನಮ್ಮ ಸೆಕ್ಷನ್‌ನಲ್ಲೇ ಮಾಡಿದ್ದು!" ಎಂದುಬಿಟ್ಟರು.

"ಇನ್ಮೇಲೆ ಎಲ್ಲಾ ಇದ್ರಲ್ಲೇ ಬರೀರಿ. ಓಬಳಪ್ಪ, ಇವತ್ತೇ ಶುರು ಮಾಡಿ."

ಅವನು ತಿಂಡಿ ಬೀದಿಗೆ ಓಡಿಬಂದಾಗ ಬೀದಿದೀಪ ಹತ್ತಿ ಬಹಳ ಹೊತ್ತಾಗಿತ್ತು. ಸರ್ವಮಂಗಳಾ ಖಾಲಿ ಎಲೆ ಮಡಚುತ್ತಿದ್ದಳು.

"ನೋಡು, ಏನಾಯ್ತು ಅಂದ್ರೆ, ಮೊದಲು ಲಕ್ಷ್ಮಯ್ಯನವರು ಬಂದ್ರು, ಆಮೇಲೆ ಕಮಲಮ್ಮನವರು..."

"ಚಿಕ್ಕದಾಗಿ ಹೇಳ್ರೀ."

ಓಬಳಪ್ಪ ಎಲೆ ನೋಡಿದ.

"ತಿಂದ್ಯಾ?"

"ತಿಂದೆ."