ಎದುರಂಗಡಿಯ ಎದುರುದಾರ

ಕೋರ್ಟು ಕೇಸು ಅಂದರೆ ಏನು ಮಹಾ, ಬ್ಲೌಸ್ ಹೊಲಿಯುವಷ್ಟು ಕಷ್ಟ ಇರಲಾರದು ಎಂದುಕೊಂಡಿದ್ದೆ. ನಾವು ಅಳತೆ ಕೊಡುವುದು, ವಕೀಲರು ಕತ್ತರಿಸುವುದು, ನ್ಯಾಯಾಧೀಶರು ಹೊಲಿಯುವುದು. ನಾವು ತೊಟ್ಟುಕೊಂಡು ಮನೆಗೆ ಬರುವುದು. ಅಷ್ಟೇ!

ನಾನು ಚಳ್ಳಕೆರೆಯಲ್ಲಿ ಟೈಲರ್. ನನ್ನ ಅಂಗಡಿಯ ಎದುರಿಗೇ ದಾದಾಪೀರನ ಬೈಕ್ ಗ್ಯಾರೇಜು. "ಲೇ ತಿಪ್ಪಾ, ಚಾ ಬಂತು, ಬಾರೋ!" ಎಂದು ಅವನು ಆ ಕಡೆಯಿಂದ ಕೂಗುತ್ತಿದ್ದ. "ಬಂದೆ ಕಣ್ಲೇ!" ಎಂದು ನಾನು ಈ ಕಡೆಯಿಂದ. ತಿಪ್ಪೇಸ್ವಾಮಿ ಎಂಬ ನನ್ನ ಪೂರ್ತಿ ಹೆಸರು ಅವನಿಗೆ ಗೊತ್ತಿತ್ತೋ ಇಲ್ಲವೋ, ಬಳಸಿದ್ದಂತೂ ಕೇಳಿರಲಿಲ್ಲ.

ಒಂದು ದಿನ ದೇವಸಮುದ್ರದ ಮದುವೆಮನೆಗೆ ಬ್ಲೌಸುಗಳನ್ನು ತಲುಪಿಸಬೇಕಿತ್ತು. ಬಸ್ಸು ತಪ್ಪಿತು. "ಹತ್ತಲೇ, ನಾನು ಬಿಟ್ಟು ಬರ್ತೀನಿ" ಎಂದು ದಾದಾಪೀರ ಬೈಕು ತೆಗೆದ. ಅವನು ಓಡಿಸುವ ವೇಗಕ್ಕೆ ಹಿಂದೆ ಕೂತವನು ಸೂಜಿಗೆ ದಾರ ಪೋಣಿಸಬಹುದು! ಮೊಳಕಾಲ್ಮುರು ದಾಟಿದ ಮೇಲೆ ಕುರಿಹಿಂಡು ಅಡ್ಡ ಬಂತು. ಅವನು ಬ್ರೇಕ್ ಹಿಡಿದ. ಜಾರುತ್ತಿದ್ದ ಬ್ಲೌಸಿನ ಗಂಟನ್ನು ಹಿಡಿಯಲು ಹೋಗಿ ನಾನು ಬಿದ್ದೆ. ಬ್ಲೌಸಿಗೆ ಏನೂ ಆಗಲಿಲ್ಲ. ನನ್ನ ಕಾಲು ಮುರಿಯಿತು.

ಮಷೀನು ತುಳಿಯುವ ಕಾಲು! ಅದು ನಿಂತರೆ ಮನೆಯೇ ನಿಂತಂತೆ. ಆಗ ಒಬ್ಬ ವಕೀಲರು ಸಿಕ್ಕರು. "ಪರಿಹಾರ ಕೊಡೋದು ಇನ್ಶೂರೆನ್ಸ್ ಕಂಪನಿ. ನಿಮ್ಮ ಗೆಳೆಯನ ಹೆಸರು ಬರೀ ಶಾಸ್ತ್ರಕ್ಕೆ" ಎಂದರು. ಅವರು ತೋರಿಸಿದಲ್ಲೆಲ್ಲ ಓದದೆ ಸಹಿ ಹಾಕಿದೆ.

"ದಾದಣ್ಣಂಗೆ ಒಂದ್ ಮಾತು ಹೇಳಿದ್ರಾ?" ಎಂದು ಕೇಳಿದಳು ಹೆಂಡತಿ ರತ್ನಮ್ಮ.

"ಶಾಸ್ತ್ರಕ್ಕೆಲ್ಲ ಹೇಳ್ತಾರೇನೇ?"

"ಮದುವೆ ಶಾಸ್ತ್ರಕ್ಕೆ ಮನೆಮನೆಗೂ ಹೋಗಿ ಕರೀತೀವಿ. ಇದಕ್ಕೆ ಬ್ಯಾಡ್ವಾ?"

ಹೆಂಗಸರಿಗೆ ಕಾನೂನು ತಿಳಿಯುವುದಿಲ್ಲ ಎಂದುಕೊಂಡೆ. ನನಗೆ ಎಷ್ಟು ತಿಳಿದಿತ್ತೋ ದೇವರಿಗೇ ಗೊತ್ತು!

ಕೋರ್ಟಿನ ನೋಟೀಸು ಹಿಡಿದುಕೊಂಡು ದಾದಾಪೀರ ರಸ್ತೆ ದಾಟಿ ಬಂದ. "ಲೇ ತಿಪ್ಪಾ, ಇದ್ರಾಗೆ ನನ್ನನ್ನ ಎದುರುದಾರ ಅಂತ ಬರ್ದವ್ರೆ. ಹಂಗಂದ್ರೇನ್ಲೇ?"

ಆ ಗಳಿಗೆಯಲ್ಲಿ ನಿಜ ಹೇಳಿ ಕೈ ಹಿಡಿದುಕೊಂಡಿದ್ದರೆ ಮುಗಿಯುತ್ತಿತ್ತು. ನಾನೋ, "ನಿನ್ನ ಗ್ಯಾರೇಜು ನಮ್ಮ ಅಂಗಡಿ ಎದುರಿಗೈತಲ್ಲ, ಅದಕ್ಕೆ ಕಣ್ಲೇ" ಎಂದೆ.

"ಓಹೋ, ಅಡ್ರೆಸ್ಸಾ!" ಎಂದು ನಗುತ್ತ ಹೋದ.

ಸಂಜೆ ಅವನ ಗಿರಾಕಿಯೊಬ್ಬ ಪೂರ್ತಿ ಓದಿ ಹೇಳಿದನಂತೆ. ಎದುರುದಾರ ಎಂದರೆ ಯಾರ ವಿರುದ್ಧ ಕೇಸು ಹಾಕಿದ್ದಾರೋ ಅವನು. ಆ ಅವನು 'ಅತಿವೇಗ ಮತ್ತು ಅಜಾಗರೂಕತೆಯಿಂದ' ಗಾಡಿ ಓಡಿಸಿ ನನ್ನನ್ನು ಬೀಳಿಸಿದ್ದ. ಊರವರ ಗಾಡಿಗಳಿಗೆಲ್ಲ ಬ್ರೇಕ್ ಕೂರಿಸಿಕೊಡುವವನ ಬಗ್ಗೆ ನನ್ನ ಸಹಿಯ ಮೇಲೆ ಇಂಥ ಮಾತು! ಮರುದಿನ ಎದುರಿಗೆ ಚಾ ಬಂತು. ಕೂಗು ಬರಲಿಲ್ಲ.

ಆಮೇಲೆ ವಾಯಿದೆ ಮೇಲೆ ವಾಯಿದೆ. ಒಮ್ಮೆ ಕಂಪನಿ ವಕೀಲರು ಬರಲಿಲ್ಲ. ಒಮ್ಮೆ ಸಾಕ್ಷಿ ಹೇಳಬೇಕಾದ ಡಾಕ್ಟರು ಬರಲಿಲ್ಲ. ಡಾಕ್ಟರು ಬಂದ ದಿನ ಎಕ್ಸ್-ರೇಯನ್ನು ನಾನೇ ಮನೆಯಲ್ಲಿ ಮರೆತು ಹೋಗಿದ್ದೆ! ಪ್ರತಿ ಸಲವೂ ವರಾಂಡದ ಬೆಂಚಿನ ಈ ತುದಿಗೆ ನಾನು, ಆ ತುದಿಗೆ ಅವನು. ನಡುವೆ ನನ್ನ ಊರುಗೋಲು.

ಕೊನೆಗೆ ನನ್ನನ್ನು ಕಟಕಟೆಗೆ ಕರೆದರು. ದಾದಾಪೀರ ಹೊರಗಿದ್ದ. ವಕೀಲರು ಹೇಳಿಕೊಟ್ಟದ್ದೆಲ್ಲ ಬಾಯಿಪಾಠವಾಗಿತ್ತು. ಆದರೆ ಕಂಪನಿ ವಕೀಲರು ಬೆಣ್ಣೆಯಂಥ ದನಿಯಲ್ಲಿ, "ಹಾಗಾದ್ರೆ ಆ ದಾದಾಪೀರನಿಗೆ ಗಾಡಿ ಓಡಿಸೋಕೇ ಬರಲ್ಲ ಅನ್ನಿ" ಎಂದುಬಿಟ್ಟರು.

ನನಗೆ ರೇಗಿಹೋಯಿತು. "ಯಾವನ್ರೀ ಹೇಳಿದ್ದು? ಈ ತಾಲ್ಲೂಕಿನಾಗೇ ಅವನಷ್ಟು ಹುಷಾರಾಗಿ ಓಡ್ಸೋನು ಇಲ್ಲ! ಕುರಿ ನಮ್ಮನ್ನೇ ಓವರ್‌ಟೇಕ್ ಮಾಡಿದ್ವು!"

ಅದಷ್ಟನ್ನೂ ಟೈಪು ಮಾಡಿಕೊಂಡರು. ನಮ್ಮ ವಕೀಲರು ಫೈಲಿನಿಂದ ಮುಖ ಮುಚ್ಚಿಕೊಂಡರು. ಕೇಸು ಹೋದರೂ ಗೆಳೆಯ ಉಳಿದ ಎಂದು ನಾನು ಎದೆಯುಬ್ಬಿಸಿ ಇಳಿದೆ. ಹೊರಗೆ ಬಂದು ನೋಡಿದರೆ ಅವನು ಮುಖ ತಿರುಗಿಸಿಕೊಂಡು ಕೂತಿದ್ದ. ಹೇಗೆ ಹೇಳಲಿ? ಹೇಳಲಿಲ್ಲ.

ಮುಂದಿನ ವಾಯಿದೆಗೆ ಅವನ ಸರದಿ. ಕಟಕಟೆ ಹತ್ತಿ ಕೈಮುಗಿದ. "ಹೌದು ಸ್ವಾಮಿ, ತಪ್ಪು ನಂದೇ. ಗಾಳಿ ಓಡ್ದಂಗೆ ಓಡಿಸ್ದೆ. ಪಾಪ, ಅವರ ಕಾಲು ಹೋಯ್ತು."

ನ್ಯಾಯಾಧೀಶರು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. ಕೇಸು ಹಾಕಿದವನು ತಪ್ಪಿಲ್ಲ ಎನ್ನುತ್ತಾನೆ, ಹಾಕಿಸಿಕೊಂಡವನು ತಪ್ಪು ನನ್ನದೇ ಎನ್ನುತ್ತಾನೆ! ಅರ್ಜಿ ವಜಾ ಆಯಿತು. ಬೆಂಚಿನ ಎರಡು ತುದಿಗೆ ಮಾತಿಲ್ಲದೆ ಕೂತಿದ್ದ ನಾವಿಬ್ಬರೂ ಕಂಪನಿಗೆ ಮೋಸ ಮಾಡಲು 'ಷಾಮೀಲಾದಂತೆ ಕಾಣುತ್ತದೆ' ಎಂದಿತು ತೀರ್ಪು!

"ಯಾಕ್ಲೇ ಹಂಗೆ ಸುಳ್ಳು ಹೇಳ್ದೆ?" ಎಂದು ಮೆಟ್ಟಿಲ ಮೇಲೆ ಕೇಳಿದೆ.

"ನಿಮ್ ಕಾಲಿಗೆ ಏನಾದ್ರೂ ಸಿಗ್ಲಿ ಅಂತ ರೀ" ಎಂದು ಇಳಿದು ಹೋದ.

ನಿಮ್! ರೀ! ಕಾಲು ಮುರಿದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ.

ಕಾಲು ಈಗ ವಾಸಿ. ಎದುರಿನಿಂದ ದಿನಾ, "ನಮಸ್ಕಾರ ತಿಪ್ಪೇಸ್ವಾಮಿಯವ್ರೇ" ಎಂದು ಬರುತ್ತದೆ. ತಪ್ಪಾಯ್ತು ಎಂದು ಎರಡು ಸಲ ಹೋಗಿ ಹೇಳಿದೆ. "ಅಯ್ಯೋ, ಬಿಡ್ರಿ" ಎಂದ. "ಮರ್ಯಾದೆ ಕೊಟ್ರೂ ಅಳ್ತೀರಲ್ಲ!" ಎನ್ನುತ್ತಾಳೆ ರತ್ನಮ್ಮ.

ಮೊನ್ನೆ ಒಂದು ಉಪಾಯ ಹೊಳೆಯಿತು. ಪ್ರಾಣಕ್ಕೆ ಬಂದಾಗ ಮನುಷ್ಯನ ಬಾಯಲ್ಲಿ ನಿಜವಾದ ಮಾತೇ ಬರುತ್ತದಲ್ಲ! ಅವನು ನೋಡುತ್ತಿರುವಾಗಲೇ, ಬರುತ್ತಿದ್ದ ಟ್ರ್ಯಾಕ್ಟರಿಗೆ ಅಡ್ಡವಾಗಿ ರಸ್ತೆಗಿಳಿದೆ. ದಾದಾಪೀರ ಸ್ಪ್ಯಾನರ್ ಎಸೆದು ಓಡಿ ಬಂದ. ಕಾಲರ್ ಹಿಡಿದು ಎಳೆದ. ನಾನು ಕಿವಿ ತೆರೆದುಕೊಂಡು ಕಾದೆ.

"ನೋಡ್ಕೊಂಡು ದಾಟ್ರೀ!" ಎಂದ.

ಕಾಲರ್ ಹರಿದಿತ್ತು. ಅಂಗಡಿಗೆ ಬಂದು ನಾನೇ ಹೊಲಿದುಕೊಂಡೆ.